ಉಪ್ಪುಗಾಳಿ, ಜಡಿಮಳೆಯಿಂದ ಮನೆ ಸಿಸಿ ಕ್ಯಾಮೆರಾ ಉಳಿಸ್ಕೊಳ್ಳೋದು ಹೇಗೆ

ನಮ್ಮ ಮನೆ ಇರೋದು ಕಾರವಾರದಲ್ಲಿ, ಕೋಡಿಬಾಗ್ ಕಡೆ, ರಾತ್ರಿ ಜಗುಲೀಲಿ ಕೂತ್ರೆ ಸಮುದ್ರದ ಸದ್ದು ಕೇಳೋಷ್ಟು ಹತ್ರ. ಮೊದಲ ಸಲ ನಾಲ್ಕು ಕ್ಯಾಮೆರಾ ಹಾಕಿಸಿದ್ದು ಫೆಬ್ರವರೀಲಿ. ಆಗಸ್ಟ್ ಬರೋ ಹೊತ್ತಿಗೆ ಎರಡು ಸತ್ತೇ ಹೋಗಿದ್ವು, ಇನ್ನೊಂದರಲ್ಲಿ ಕತ್ತಲಾದ್ರೆ ಸಾಕು ಬರೀ ಬಿಳಿ ಮಂಜು. ಹಾಕಿಕೊಟ್ಟವರನ್ನ ಕೇಳಿದ್ರೆ ವಾಟರ್‌ಪ್ರೂಫ್ ಕ್ಯಾಮೆರಾನೇ ಅದು, ಪೀಸ್ ಡಿಫೆಕ್ಟ್ ಇರ್ಬೇಕು ಅಂದ್ರು. ಒಂದಿನ ಮಳೆ ಹೊಳವಾದಾಗ ಏಣಿ ಇಟ್ಟು ನಾನೇ ಹತ್ತಿ ನೋಡ್ದೆ. ಕ್ಯಾಮೆರಾ ಒಳಗೆ ಒಂದು ಹನಿ ನೀರಿರಲಿಲ್ಲ. ಆದ್ರೆ ಹಿಂದಿನ ವೈರು ಗೋಡೆ ಮೇಲೆ ಹಾಗೇ ನೇತಾಡ್ತಾ ಇತ್ತು, ಜಾಯಿಂಟಿಗೆ ಸುತ್ತಿದ್ದ ಕರಿ ಟೇಪು ಬಿಚ್ಚಿದ್ರೆ ಒಳಗಿಂದ ಒಂದು ಚಮಚದಷ್ಟು ನೀರು ಸುರೀತು, ಪವರ್ ಜ್ಯಾಕಿನ ತುಂಬ ಹಸಿರು ಪುಡಿ, ಬೆರಳಲ್ಲಿ ತಿಕ್ಕಿದ್ರೆ ಉದುರ್ತಿತ್ತು, ಅದರ ನಡುವಿನ ಪಿನ್ನು ಸವೆದು ಸೂಜಿ ಮೊನೆ ಥರ ಆಗಿತ್ತು.

ನಮ್ಮ ಕರಾವಳೀಲಿ ಕ್ಯಾಮೆರಾ ಸಾಯೋದು ಬಾಲದಿಂದ. ಇದೊಂದು ತಲೇಲಿದ್ರೆ ಮುಂದಿನದೆಲ್ಲ ಸಲೀಸು. ಎಲ್ರೂ ಮುಂದಿನ ಗಾಜು ನೋಡ್ತಾರೆ, ಮೇಲೆ ಕೊಡೆ ಹಿಡೀತಾರೆ, ಪ್ಲಾಸ್ಟಿಕ್ ಕಟ್ತಾರೆ, ಆದ್ರೆ ಹಿಂದಿಂದ ಬರೋ ಗೇಣುದ್ದದ ವೈರು ಮತ್ತು ಅದರ ತುದೀಲಿರೋ ಎರಡು ಜಾಯಿಂಟು, ಒಂದು ವಿಡಿಯೋದು ಒಂದು ಪವರಿಂದು, ಅದನ್ನ ಯಾರೂ ಕೇಳೋರೇ ಇಲ್ಲ. ಆ ಪವರ್ ಜ್ಯಾಕಲ್ಲಿ 24 ಗಂಟೆನೂ 12 ವೋಲ್ಟ್ ಡಿಸಿ ಕರೆಂಟ್ ಇರುತ್ತೆ. ಅಲ್ಲಿಗೆ ಉಪ್ಪು ಬೆರೆತ ನೀರು ಸೇರಿದ್ರೆ ಪ್ಲಸ್ ಕಡೆಯ ಲೋಹ ಸ್ವಲ್ಪ ಸ್ವಲ್ಪ ಕರಗ್ತಾ ಹೋಗುತ್ತೆ, ಶಾಲೇಲಿ ಎಲೆಕ್ಟ್ರಾಲಿಸಿಸ್ ಅಂತ ಓದಿದ್ವಲ್ಲ, ಅದೇ. ಬಯಲುಸೀಮೇಲಿ ಇದೇ ಜಾಯಿಂಟು ನಾಲ್ಕೈದು ವರ್ಷ ಬಾಳಿದ್ರೂ ಬಾಳೀತು, ಇಲ್ಲಿ ಒಂದು ಮಳೆಗಾಲ ದಾಟಿದ್ರೆ ಪುಣ್ಯ.

ಡಬ್ಬಿ ಮೇಲೆ ಐಪಿ 66, ಐಪಿ 67 ಅಂತ ಇರುತ್ತಲ್ಲ, ಅದು ಸುಳ್ಳಲ್ಲ, ಆದ್ರೆ ಅದು ಏನು ಹೇಳುತ್ತೆ ಅಂತ ಗೊತ್ತಿರ್ಬೇಕು. ಮೊದಲನೇ 6 ಅಂದ್ರೆ ಧೂಳು ಒಳಗೆ ಹೋಗಲ್ಲ ಅಂತ. ಎರಡನೇದು ನೀರಿಂದು: 5 ಅಂದ್ರೆ ನಿಮಿಷಕ್ಕೆ ಹನ್ನೆರಡೂವರೆ ಲೀಟರ್ ಪೈಪಲ್ಲಿ ಬಿಟ್ರೂ ತಡೆಯುತ್ತೆ, 6 ಅಂದ್ರೆ ನಿಮಿಷಕ್ಕೆ 100 ಲೀಟರ್ ಜೋರಾಗಿ ಹೊಡೆದ್ರೂ ತಡೆಯುತ್ತೆ, 7 ಅಂದ್ರೆ 1 ಮೀಟರ್ ನೀರಲ್ಲಿ 30 ನಿಮಿಷ ಮುಳುಗಿಸಿದ್ರೂ ಪರವಾಗಿಲ್ಲ. ನಮ್ಮ ಕ್ಯಾಮೆರಾ ಮುಳುಗಲ್ಲ, ಹೊಡೆತ ತಿನ್ನುತ್ತೆ, ಅದಕ್ಕೆ ನಂಗೆ 66 ಇರೋದು ಮುಖ್ಯ. ಆದ್ರೆ ಈ ಪರೀಕ್ಷೆ ನಡೆಯೋದು ಸಿಹಿನೀರಲ್ಲಿ, ತುಕ್ಕು ಹಿಡಿಯುತ್ತಾ ಇಲ್ವಾ ಅಂತ ಅದು ನೋಡೋದೇ ಇಲ್ಲ. ಮತ್ತೆ ಬಾಲದ ತುದಿಯ ಜಾಯಿಂಟಿಗೆ ಆ ನಂಬರು ಅನ್ವಯ ಆಗೋದೂ ಇಲ್ಲ. ತಗೊಳ್ಳೋವಾಗ ಸಮುದ್ರದ ಪಕ್ಕದ ಮನೆ ಆದ್ರೆ ಸಾಲ್ಟ್ ಸ್ಪ್ರೇ ಟೆಸ್ಟ್, ಅಂದ್ರೆ ಉಪ್ಪುನೀರು ಸಿಂಪಡಿಸಿ ತುಕ್ಕು ನೋಡೋ ಪರೀಕ್ಷೆ, ಆಗಿದ್ಯಾ ಅಂತ ಬೇರೆ ಕೇಳಿ.

ಕೆಲಸ ಯಾವಾಗ ಮಾಡ್ಬೇಕು ಅಂದ್ರೆ ಏಪ್ರಿಲ್ ಮುಗಿಯೋದ್ರೊಳಗೆ. ಜೂನ್ ಮೊದಲ ವಾರ ತಾನೇ ಮಳೆ ಹಿಡಿಯೋದು, ರೋಹಿಣಿ ಮಳೆ ಶುರುವಾದ ಮೇಲೆ ನೋಡಿದ್ರಾಯ್ತು ಅಂತ ಕೂರಬೇಡಿ. 2021ರಲ್ಲಿ ತೌಕ್ತೆ ಚಂಡಮಾರುತ ಬಂದಿದ್ದು ಮೇ ತಿಂಗಳ ಮಧ್ಯದಲ್ಲಿ, ನೆನಪಿದ್ಯಲ್ಲ. ಇನ್ನೊಂದು, ಮಳೆ ಹಿಡಿದ ಮೇಲೆ ಅಂಗಳದಲ್ಲಿ ಪಾಚಿ ಕಟ್ಟುತ್ತೆ, ಪಾಚಿ ಮೇಲೆ ಏಣಿ ಇಟ್ಟು ಯಾರೂ ಹತ್ತೋದು ಬೇಡ, ಕ್ಯಾಮೆರಾ ಹೋದ್ರೆ ಇನ್ನೊಂದು ಬರುತ್ತೆ. ಹತ್ತೋ ಮೊದಲು ಅಡಾಪ್ಟರಿನ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತಿಟ್ಟೇ ಹತ್ತಿ, ಕೆಳಗೆ ಏಣಿ ಹಿಡಿಯೋಕೆ ಒಬ್ರು ಇರ್ಲಿ.

ಮೊದಲು ಜಾಗ ನೋಡಿ. ಮಳೆಗಾಲದ ಗಾಳಿ ನಮ್ಗೆ ಬರೋದು ಪಡುಗಡೆಯಿಂದ, ನೈಋತ್ಯದಿಂದ. ನೇರ ಬೀಳೋ ಮಳೆ ಏನೂ ಮಾಡಲ್ಲ, ಅಡ್ಡಡ್ಡ ಹೊಡೆಯೋ ಎರಚಲೇ ಹಾಳು ಮಾಡೋದು. ಮಳೆಗಾಲಕ್ಕೆ ಮುಂಚೆ ಹಳೇ ಮನೆಗಳಲ್ಲಿ ಯಾವ ಕಡೆ ಜಗುಲಿಗೆ ಮಡಲಿನ ತಟ್ಟಿ ಕಟ್ತಿದ್ರೋ ಆ ಕಡೆ ಕ್ಯಾಮೆರಾ ಹಾಕದಿದ್ರೆ ಒಳ್ಳೇದು, ಅಜ್ಜಂದ್ರು ಎರಚಲು ಎಲ್ಲಿ ಬರುತ್ತೆ ಅಂತ ನೋಡಿಯೇ ತಟ್ಟಿ ಕಟ್ತಿದ್ದಿದ್ದು. ಗೇಟು ಪಶ್ಚಿಮಕ್ಕೇ ಇದೆ, ಬೇರೆ ದಾರಿ ಇಲ್ಲ ಅಂದ್ರೆ ಸೂರಿನ ಒಳಗೆ, ಅಂಚಿಂದ ಒಂದೂವರೆ ಅಡಿ ಆದ್ರೂ ಹಿಂದಕ್ಕೆ ಹಾಕಿ, ಹಂಚಿನ ನೀರು ಇಳಿಯೋ ಗೆರೆ ಕ್ಯಾಮೆರಾ ಮುಂದೆ ಬರುತ್ತಾ ಅಂತ ನೋಡ್ಕೊಳ್ಳಿ, ಬಂದ್ರೆ ರಾತ್ರಿ ಆ ನೀರೇ ಬೆಳ್ಳಗೆ ಹೊಳೆದು ಹಿಂದೆ ಇರೋದು ಏನೂ ಕಾಣಲ್ಲ. ಗುಂಡಗಿರೋ ಡೋಮ್ ಕ್ಯಾಮೆರಾ ಜಗುಲಿ ಒಳಗೆ ಚಂದ, ಹೊರಗೆ ಬೇಡ, ಅದರ ಪ್ಲಾಸ್ಟಿಕ್ ಬುರುಡೆ ಮೇಲೆ ಹನಿ ನಿಂತ್ರೆ ಕತ್ತಲಲ್ಲಿ ನೋಡೋಕೆ ಕ್ಯಾಮೆರಾ ಬಿಡೋ, ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಅಲ್ಲೇ ಚದುರಿ ಚಿತ್ರ ಎಲ್ಲ ಬೆಳ್ಳಗಾಗುತ್ತೆ. ಹೊರಗೆ ಉದ್ದದ ಬುಲೆಟ್ ಕ್ಯಾಮೆರಾನೇ ಸರಿ. ಅದರ ಮೇಲಿನ ಟೊಪ್ಪಿ ಮುಂದಕ್ಕೆ ಸರಿಯುತ್ತೆ, ತುಂಬ ಮನೇಲಿ ಅದನ್ನ ಹಿಂದಕ್ಕೇ ಬಿಟ್ಟಿರ್ತಾರೆ. ಚಿತ್ರದಲ್ಲಿ ಅಂಚು ಕಾಣೋವರೆಗೂ ಮುಂದೆ ತಳ್ಳಿ, ಆಮೇಲೆ ಅರ್ಧ ಇಂಚು ಹಿಂದೆ ತಂದು ಸ್ಕ್ರೂ ಬಿಗಿ ಮಾಡಿ.

ಈಗ ಜಾಯಿಂಟು. ಇದಕ್ಕೆ ಟೈಮ್ ಕೊಡಿ, ಒಂದೊಂದು ಕ್ಯಾಮೆರಾಗೆ ಅರ್ಧ ಗಂಟೆ ಆದ್ರೂ ಆಗ್ಲಿ.

ಬೇಕಾಗೋದು ಇಷ್ಟು: ಮುಚ್ಚಳಕ್ಕೆ ರಬ್ಬರ್ ಇರೋ ಪಿವಿಸಿ ಜಂಕ್ಷನ್ ಬಾಕ್ಸ್, ವೈರ್ ಒಳಗೆ ಹೋಗೋಕೆ ಕೇಬಲ್ ಗ್ಲ್ಯಾಂಡ್, ಡೈಎಲೆಕ್ಟ್ರಿಕ್ ಗ್ರೀಸ್ ಒಂದು ಟ್ಯೂಬು, ಸೆಲ್ಫ್ ಫ್ಯೂಸಿಂಗ್ ರಬ್ಬರ್ ಟೇಪು. ಈ ಟೇಪಿಗೆ ಅಂಟು ಇರಲ್ಲ, ಎಳೆದು ಸುತ್ತಿದ್ರೆ ತನಗೆ ತಾನೇ ಬೆಸೆದು ಒಂದೇ ರಬ್ಬರ್ ಆಗುತ್ತೆ. ಮಾಮೂಲಿ ಕರಿ ಟೇಪು ಒಂದೇ ಹಾಕಿದ್ರೆ ಏನಾಗುತ್ತೆ ಅಂದ್ರೆ ಬಿಸಿಲಿಗೆ ಅಂಟು ಕರಗಿ ಬಾಯಿ ಬಿಡುತ್ತೆ, ನೀರು ಒಳಗೆ ಹೋಗುತ್ತೆ, ಆದ್ರೆ ಹೊರಗೆ ಬರೋಕೆ ದಾರಿ ಇಲ್ಲ, ಅದೇ ನಮ್ಮನೇಲಿ ಆಗಿದ್ದು. ಮೊದಲು ಪಿನ್ನು ಒಣಗಿದ್ಯಾ, ಹೊಳೀತಿದ್ಯಾ ನೋಡಿ. ಹಸಿರು ಕಂಡ್ರೆ ಆ ತುದಿ ಕತ್ತರಿಸಿ ಬಿಸಾಕಿ, ತೊಳೆದು ವಾಪಸ್ ಹಾಕಬೇಡಿ, ಯಾಕಂದ್ರೆ ಹಸಿರು ವೈರಿನ ಒಳಗೂ ಹತ್ತಿರುತ್ತೆ. ತಾಮ್ರ ಕೆಂಪಗೆ ಹೊಳೆಯೋ ತನಕ ಇಂಚಿಂಚು ಕತ್ತರಿಸ್ತಾ ಹೋಗಿ, ಹೊಸ ಕನೆಕ್ಟರ್ ಹಾಕಿ. ಕಡಲೆಕಾಳಷ್ಟು ಗ್ರೀಸು ಜ್ಯಾಕಿನ ಒಳಗೆ ತುಂಬಿ ಪಿನ್ ಒತ್ತಿ. ಇದು ಕರೆಂಟ್ ಹಾಯಿಸದ ಗ್ರೀಸು, ಹಾಗಂತ ಹೆದರಬೇಡಿ, ಲೋಹ ಲೋಹ ಬಿಗಿಯಾಗಿ ಮುಟ್ಟೋ ಕಡೆ ಅದು ತಾನೇ ಜರುಗಿ ದಾರಿ ಬಿಡುತ್ತೆ, ಉಳಿದ ಸಂದೆಲ್ಲ ತುಂಬಿ ನೀರಿಗೆ ಜಾಗ ಇಲ್ಲದ ಹಾಗೆ ಮಾಡುತ್ತೆ. ಆಮೇಲೆ ರಬ್ಬರ್ ಟೇಪು. ಅದರ ಅಗಲ ಮುಕ್ಕಾಲು ಭಾಗ ಆಗೋ ಹಾಗೆ ಎಳೆದು, ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧ ಮುಚ್ಚೋ ಹಾಗೆ, ಕೆಳಗಿಂದ ಮೇಲಕ್ಕೆ ಸುತ್ತಿ. ಹಂಚು ಹೊದಿಸೋದು ಸೂರಿಂದ ಶುರು ಮಾಡಿ ಮೇಲಕ್ಕೆ ಅಲ್ವಾ, ಮೇಲಿನ ಹಂಚು ಕೆಳಗಿನದರ ಮೇಲೆ ಕೂರೋ ಹಾಗೆ, ಇದೂ ಹಾಗೇ, ಆಗ ಇಳಿಯೋ ನೀರಿಗೆ ಒಳಗೆ ನುಗ್ಗೋ ತುಟಿ ಸಿಗಲ್ಲ. ಅದರ ಮೇಲೆ ಬಿಸಿಲಿಂದ ಕಾಪಾಡೋಕೆ ಕರಿ ಟೇಪು ಒಂದು ಸುತ್ತು ಹಾಕಿ.

ಇಷ್ಟು ಮಾಡಿದ ಜಾಯಿಂಟನ್ನೂ ಬಾಕ್ಸ್ ಒಳಗೇ ಇಡಿ. ವೈರು ಬಾಕ್ಸಿಗೆ ಕೆಳಗಿಂದ ಹೋಗ್ಬೇಕು, ಮೇಲಿಂದ ಬೇಡವೇ ಬೇಡ. ಹೋಗೋ ಮೊದಲು ಬಾಕ್ಸಿಗಿಂತ ನಾಲ್ಕು ಇಂಚು ಕೆಳಗೆ ಇಳಿದು ಮತ್ತೆ ಮೇಲೆ ಬರೋ ಹಾಗೆ ಒಂದು ಜೋಲು ಬಿಡಿ, ವೈರ್ ಹಿಡಿದು ಬರೋ ನೀರು ಆ ಜೋಲಿನ ತಳದಲ್ಲಿ ತೊಟ್ಟಿಕ್ಕಿ ಬಿದ್ದು ಹೋಗುತ್ತೆ. ಬಾಕ್ಸಿನ ತಳದಲ್ಲಿ 3 ಮಿ.ಮೀ.ದು ಒಂದು ಸಣ್ಣ ತೂತು ಹಾಕಿ. ನೀರು ಬರದ ಬಾಕ್ಸಿಗೆ ತೂತು ಯಾಕೆ ಅಂತ ನಮ್ಮನೇಲೂ ಕೇಳಿದ್ರು. ನಮ್ಮ ಹವೆ ಎಷ್ಟು ತೇವ ಅಂದ್ರೆ ಮುಚ್ಚಿದ ಬಾಕ್ಸಿನ ಒಳಗಿನ ಗಾಳಿಯೇ ರಾತ್ರಿ ತಣ್ಣಗಾಗಿ ಬೆವರುತ್ತೆ, ಆ ಬೆವರು ಹೊರಗೆ ಹೋಗ್ಬೇಕು. ಇರುವೆ ಹೋಗದ ಹಾಗೆ ತೂತಿಗೆ ಒಳಗಿಂದ ಸೊಳ್ಳೆ ಪರದೆಯ ಚೂರು ಅಂಟಿಸಿ, ಬೆಚ್ಚಗಿರೋ ಜಾಗ ಕಂಡ್ರೆ ಇರುವೆ ಮೊಟ್ಟೆ ಸಮೇತ ಬಂದು ಸಂಸಾರ ಹೂಡುತ್ವೆ, ಹಲ್ಲಿಯೂ ಅಷ್ಟೇ.

ಗೋಡೆ ತೂತಿನ ವಿಷಯ. ವೈರು ಮನೆ ಒಳಗೆ ಹೋಗೋ ತೂತು ಕೊರೆಯುವಾಗ ಒಳತುದಿ ಮೇಲೆ, ಹೊರತುದಿ ಕೆಳಗೆ ಇರೋ ಹಾಗೆ ಓರೆಯಾಗಿ ಕೊರೆಸಿ. ನೆಟ್ಟಗೆ ಕೊರೆದ್ರೆ ನೀರು ಒಳಗಿನ ಸ್ವಿಚ್‌ಬೋರ್ಡ್ ತನಕ ಬರುತ್ತೆ. ತೂತು ಮುಚ್ಚೋಕೆ ಸಿಲಿಕೋನ್ ತಗೊಳ್ಳೋವಾಗ ನ್ಯೂಟ್ರಲ್ ಕ್ಯೂರ್ ಅಂತ ಬರೆದಿರೋದೇ ತಗೊಳ್ಳಿ. ವಿನೆಗರ್ ವಾಸನೆ ಹೊಡೆಯೋದು ಅಸಿಟಿಕ್ ಜಾತಿ, ಅದು ಒಣಗೋವಾಗ ಬಿಡೋ ಆಸಿಡ್ ತಾಮ್ರಕ್ಕೇ ತುಕ್ಕು ಹಿಡಿಸುತ್ತೆ. ಕೇಬಲ್ ಕೂಡ ಹೊರಗಿಗೆ ಅಂತಲೇ ಮಾಡಿದ ಕರಿ ಕವಚದ್ದು ಬೇಕು, ಒಳಗೆ ಅಪ್ಪಟ ತಾಮ್ರ ಇರ್ಬೇಕು. ಅಗ್ಗದ್ದರಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರ ಲೇಪಿಸಿರ್ತಾರೆ, ಸಿಸಿಎ ಅಂತಾರೆ, ಉಪ್ಪಿನ ಗಾಳೀಲಿ ಅದು ಬೇಗ ಪುಡಿಯಾಗುತ್ತೆ. ಚಾಕುವಲ್ಲಿ ತಂತಿ ಕೆರೆದು ನೋಡಿ, ಬೆಳ್ಳಗೆ ಕಂಡ್ರೆ ಅದೇ.

ನಮ್ಮ ಕಡೆ ಗೋಡೆ ಹೆಚ್ಚಿನದು ಚಿರೇಕಲ್ಲಿಂದು, ಅಂದ್ರೆ ಕೆಂಪು ಮುರಕಲ್ಲು. ಗಿಲಾವು ಇಲ್ಲದ ಚಿರೇಕಲ್ಲಿಗೆ ಸ್ಕ್ರೂ ಕೂರಿಸೋ ಸಣ್ಣ ಗಿಟ್ಟಿ ಹಾಕಿದ್ರೆ ಬೇಸಿಗೇಲಿ ಗಟ್ಟಿ ಅನ್ಸುತ್ತೆ, ಕಲ್ಲು ನೀರು ಕುಡಿದ ಮೇಲೆ ಸಡಿಲ ಆಗಿ ಒಂದು ಗಾಳಿಗೆ ಕ್ಯಾಮೆರಾ ಕತ್ತು ವಾಲುತ್ತೆ. ಉದ್ದದ ನೈಲಾನ್ ಗಿಟ್ಟಿ ಹಾಕಿ, ಆಗೋದಾದ್ರೆ ಸೂರಿನ ಕೆಳಗೆ ಮಾಡಿನ ಮರದ ಪಕಾಸಿಗೇ ಬಿಗೀರಿ. ಸ್ಕ್ರೂ ಮಾತ್ರ ಎಸ್‌ಎಸ್ 316. ಅಂಗಡೀಲಿ ಸ್ಟೇನ್‌ಲೆಸ್ ಅಂತ ಕೊಡೋದು ಹೆಚ್ಚಾಗಿ 304 ಇರುತ್ತೆ, ಸಮುದ್ರದ ಹತ್ರ ಅದಕ್ಕೂ ಚಹಾ ಕಲೆ ಥರ ಕಂದು ಬರುತ್ತೆ. 316ರಲ್ಲಿ 2ರಿಂದ 3 ಪರ್ಸೆಂಟ್ ಮಾಲಿಬ್ಡಿನಮ್ ಇರುತ್ತೆ, ಉಪ್ಪು ತಡೆಯೋದು ಅದೇ. ಬೋಟಿನ ಸಾಮಾನು ಮಾರೋ ಕಡೆ ಕೇಳಿ, ಅವರಿಗೆ ಹೇಳಿದ್ರೆ ಸಾಕು ಅರ್ಥ ಆಗುತ್ತೆ. ಕ್ಯಾಮೆರಾ ಮೈ ಅಲ್ಯೂಮಿನಿಯಂ ಆಗಿದ್ರೆ ಸ್ಕ್ರೂ ತಲೆ ಕೆಳಗೆ ನೈಲಾನ್ ವಾಷರ್ ಇರ್ಲಿ, ಎರಡು ಬೇರೆ ಲೋಹ ಉಪ್ಪುನೀರಲ್ಲಿ ಮುಟ್ಟಿಕೊಂಡಿದ್ರೆ ಅಲ್ಲೊಂದು ಸಣ್ಣ ಬ್ಯಾಟರಿನೇ ಆಗಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತೆ.

ಮಳೆಗಾಲಕ್ಕಿಂತ ಉಪ್ಪು ಹೆಚ್ಚು ಕೂರೋದು ಮಾರ್ಚ್‌ನಿಂದ ಮೇ ತನಕ. ಮಧ್ಯಾಹ್ನ ಸಮುದ್ರದಿಂದ ಗಾಳಿ ಏಳುತ್ತೆ, ತೊಳೆಯೋಕೆ ಮಳೆ ಇಲ್ಲ, ಗಾಜಿನ ಮೇಲೆ ಬೆರಳಿಟ್ರೆ ಜಿಗುಟು. ಹದಿನೈದು ದಿನಕ್ಕೊಮ್ಮೆ ಬಾವಿ ನೀರು ಒಂದು ತಂಬಿಗೆ ತಗೊಂಡು ಮೇಲಿಂದ ಮೆಲ್ಲಗೆ ಸುರಿದು ಉಪ್ಪು ಕರಗಿಸಿ, ಆಮೇಲೆ ಮೈಕ್ರೋಫೈಬರ್ ಬಟ್ಟೇಲಿ ಒತ್ತಿ ಒರೆಸಿ. ಒಣ ಬಟ್ಟೇಲಿ ಮೊದಲೇ ತಿಕ್ಕಿದ್ರೆ ಉಪ್ಪಿನ ಹರಳು, ಮರಳು ಸೇರಿ ಗಾಜು ಗೀರುತ್ತೆ, ಆ ಗೀರು ಹಗಲು ಕಾಣಲ್ಲ, ರಾತ್ರಿ ಇನ್‌ಫ್ರಾರೆಡ್‌ನಲ್ಲಿ ನಕ್ಷತ್ರದ ಥರ ಹೊಳೆಯುತ್ತೆ. ಸ್ಪಿರಿಟ್ಟು, ಥಿನ್ನರ್ ಹಚ್ಚಬೇಡಿ, ಗಾಡಿ ತೊಳೆಯೋ ಪ್ರೆಶರ್ ಪೈಪೂ ಬೇಡ.

ಕ್ಯಾಮೆರಾಗೆ ಪ್ಲಾಸ್ಟಿಕ್ ಕಟ್ಟೋರಿಗೆ ಒಂದು ಮಾತು, ಶಿರಸಿಯಲ್ಲಿ ನಮ್ಮತ್ತೆ ಮನೇಲಿ ಕಂಡಿದ್ದು. ಅಡಿಕೆ ಕೊನೆಗೆ, ಅಂದ್ರೆ ಗೊಂಚಲಿಗೆ, ಕೊಟ್ಟೆ (ಚೀಲ) ಕಟ್ಟಿದ ಹಾಗೆ ಕ್ಯಾಮೆರಾಗೂ ಪಾಲಿಥೀನ್ ಕೊಟ್ಟೆ ಕಟ್ಟಿಸಿದ್ರು, ಪ್ರೀತಿಯಿಂದಲೇ. ಅಡಿಕೆ ಕೊನೆಗೆ ಕೊಟ್ಟೆ ಸರಿ, ಕ್ಯಾಮೆರಾಗೆ ಅದೇ ವಿಷ. ಒಳಗೆ ಕರೆಂಟಿನ ಬಿಸಿ, ಹೊರಗೆ ಘಟ್ಟದ ತಂಪು, ಕೊಟ್ಟೆ ಒಳಗೆಲ್ಲ ಹಬೆ ಹಿಡಿದು ಕ್ಯಾಮೆರಾ ವಾರಗಟ್ಟಲೆ ನೆಂದೇ ಇತ್ತು. ಕಟ್ಟೋದಾದ್ರೆ ಮೇಲೆ ಮಾತ್ರ, ಛತ್ರಿ ಹಾಗೆ, ಮೂರು ಕಡೆ ಗಾಳಿ ಆಡ್ಬೇಕು. ಅರ್ಧಕ್ಕೆ ಸೀಳಿದ 4 ಇಂಚಿನ ಪಿವಿಸಿ ಪೈಪು ಒಂದಡಿ ತುಂಡು ಸಾಕು, ಖರ್ಚೇ ಇಲ್ಲ. ಘಟ್ಟದ ಮೇಲೆ ಉಪ್ಪಿನ ಕಾಟ ಇಲ್ಲ, ಅಲ್ಲಿ ಪಾಚಿ ಮತ್ತು ಬೋರ್ಡೋ ದ್ರಾವಣ. ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಯೋವಾಗ ಗಾಳೀಲಿ ತೇಲಿ ಬಂದ ಮೈಲುತುತ್ತು ಸುಣ್ಣದ ಹನಿ ಗಾಜಿನ ಮೇಲೆ ಒಣಗಿದ್ರೆ ನೀಲಿ ಕಲೆ ಬಿಡಲ್ಲ. ತೋಟಕ್ಕೆ ಮುಖ ಮಾಡಿದ ಕ್ಯಾಮೆರಾಗೆ ಅವತ್ತೊಂದಿನ ಮಾತ್ರ ಕೊಟ್ಟೆ ಹಾಕಿ, ಸಂಜೆ ನೆನಪಿಟ್ಟು ತೆಗೀರಿ. ಮಂಗನಿಗೆ ವೈರು ಕೈಗೆ ಸಿಗದ ಹಾಗೆ ಪೂರ್ತಿ ಪೈಪ್ ಒಳಗೆ ಬಿಡೋದೊಂದೇ ಉಪಾಯ.

ರಾತ್ರಿ ಬಿಳಿ ಮಂಜು ಅಂದ್ನಲ್ಲ, ನಮ್ಮ ಮೂರನೇ ಕ್ಯಾಮೆರಾದ್ದು, ಅದು ಜೇಡರ ಬಲೆ. ಲೈಟಿಗೆ ಹುಳ ಬರುತ್ತೆ, ಹುಳಕ್ಕೆ ಜೇಡ ಬರುತ್ತೆ, ಲೆನ್ಸಿಂದ ಎರಡು ಇಂಚು ದೂರದ ಒಂದೆಳೆ ಬಲೆ ಮೇಲೆ ಮಳೆಹನಿ ಕೂತ್ರೆ ಇನ್‌ಫ್ರಾರೆಡ್ಡಿಗೆ ಅದೇ ಟ್ಯೂಬ್‌ಲೈಟು. ಉದ್ದ ಕೋಲಿಗೆ ಮೆತ್ತನೆ ಪೇಂಟ್ ಬ್ರಷ್ ಕಟ್ಟಿಟ್ಕೊಳ್ಳಿ, ವಾರಕ್ಕೊಮ್ಮೆ ಸುತ್ತ ಸವರಿದ್ರಾಯ್ತು. ರಾತ್ರೀಲೂ ಬಣ್ಣದ ಚಿತ್ರ ಕೊಡೋ, ಬಿಳಿ ಲೈಟ್ ಇರೋ ಕ್ಯಾಮೆರಾ ಆದ್ರೆ ಹುಳದ ಕಾಟ ಇನ್ನೂ ಜಾಸ್ತಿ, ಮೊದಲ ಮಳೆಗೆ ರೆಕ್ಕೆ ಬಂದ ಗೆದ್ದಲು ಎದ್ದ ದಿನವಂತೂ ಮೊಬೈಲಿಗೆ ಅಲರ್ಟು ನಿಲ್ಲೋದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಬಿಳಿ ಲೈಟು ಬಂದ್ ಮಾಡಿ ಇನ್‌ಫ್ರಾರೆಡ್ಡಿಗೆ ಹಾಕಿ, ಬೆಳಕು ಬೇಕಿದ್ರೆ ಐದಾರು ಅಡಿ ಆಚೆ ಬೇರೆ ಬಲ್ಬ್ ಹಾಕಿ, ಹುಳ ಅಲ್ಲಿಗೆ ಹೋಗುತ್ವೆ.

ಸಿಡಿಲಿನ ಕಾಟ ನಮ್ಗೆ ಮಳೆ ಮೊದಲು ಏಪ್ರಿಲ್ ಮೇನಲ್ಲಿ, ಮತ್ತೆ ಅಕ್ಟೋಬರಲ್ಲಿ. ಗೇಟಿಂದ ಮನೆ ತನಕ ಎಳೆದ ಉದ್ದ ಕೇಬಲ್ಲು ಸಿಡಿಲಿಗೆ ಏರಿಯಲ್ ಇದ್ದ ಹಾಗೆ, ಹತ್ರ ಎಲ್ಲೋ ಬಿದ್ರೂ ಅದರಲ್ಲಿ ವೋಲ್ಟೇಜ್ ಏರಿ ಕ್ಯಾಮೆರಾ, ಅದರ ಚಿತ್ರ ರೆಕಾರ್ಡ್ ಮಾಡೋ ಡಿವಿಆರ್ ಪೆಟ್ಟಿಗೆ ಎರಡೂ ಹೋಗುತ್ತೆ. ಹಾಗೆ ಏರಿದ ವೋಲ್ಟೇಜನ್ನ ನೆಲಕ್ಕಿಳಿಸೋ ಸರ್ಜ್ ಪ್ರೊಟೆಕ್ಟರ್ ಪವರಿಗೂ ಬೇಕು, ಕೇಬಲ್ಲಿಗೂ ಬೇಕು, ಆದ್ರೆ ಅರ್ಥಿಂಗ್ ಸರಿ ಇಲ್ಲದ ಮನೇಲಿ ಅದು ಇದ್ದೂ ಇಲ್ಲದ ಹಾಗೆ. ನಮ್ಮ ಕೆಂಪು ಕಲ್ಲುಮಣ್ಣು ಏಪ್ರಿಲಲ್ಲಿ ಸುಟ್ಟ ಇಟ್ಟಿಗೆ ಥರ ಒಣಗಿರುತ್ತೆ, ಒಣ ಮಣ್ಣಲ್ಲಿ ಕರೆಂಟು ಇಳಿಯಲ್ಲ, ಸರಿಯಾಗಿ ಸಿಡಿಲು ಬರೋ ಹೊತ್ತಿಗೇ ಅರ್ಥಿಂಗ್ ಕೈ ಕೊಡುತ್ತೆ. ಮಾರ್ಚ್‌ನಿಂದ ವಾರಕ್ಕೊಮ್ಮೆ ಅರ್ಥ್ ಗುಂಡಿಗೆ ಎರಡು ಕೊಡ ನೀರು ಹಾಕಿ. ಊರಿಗೆ ಹೋಗೋದಿದ್ರೆ, ಗುಡುಗೋ ಸೂಚನೆ ಇದ್ರೆ, ಪವರ್ ಪ್ಲಗ್ ಒಂದೇ ಕಿತ್ರೆ ಸಾಲಲ್ಲ, ಇಂಟರ್ನೆಟ್ ಕೇಬಲ್ಲೂ ಕೀಳ್ಬೇಕು.

ಗುಡುಗು ಇಲ್ಲದ ಬರೀ ಮಳೆ ದಿನಗಳಲ್ಲಿ ಉಲ್ಟಾ, ಕ್ಯಾಮೆರಾ ಆಫ್ ಮಾಡಬೇಡಿ. ಓಡ್ತಾ ಇರೋ ಕ್ಯಾಮೆರಾ ಒಳಗೆ ಸ್ವಲ್ಪ ಬಿಸಿ ಇರುತ್ತೆ, ಆ ಬಿಸಿಯೇ ತೇವ ಕಟ್ಟೋಕೆ ಬಿಡಲ್ಲ. ಎರಡು ದಿನ ಕರೆಂಟ್ ಹೋಗಿ ಬಂದ ಮೇಲೆ ಲೆನ್ಸ್ ಒಳಗೆ ಮಂಜು ಕಾಣೋದು ಅದಕ್ಕೇ, ಸಣ್ಣ ಯುಪಿಎಸ್ ಇದ್ರೆ ಎಷ್ಟೋ ವಾಸಿ. ಸೋಲಾರ್ ಕ್ಯಾಮೆರಾ ಹಾಕಿರೋರು ಆರಿದ್ರಾ ಮಳೆ ಹಿಡಿದ ಮೇಲೆ ಬಿಸಿಲು ನಂಬೋ ಹಾಗಿಲ್ಲ, ವಾರಕ್ಕೊಮ್ಮೆ ಬ್ಯಾಟರಿ ಇಳಿಸಿ ಮನೇಲಿ ಚಾರ್ಜ್ ಮಾಡ್ಬೇಕು.

ಲೆನ್ಸ್ ಒಳಗಿನ ಮಂಜು ಎರಡು ಮೂರು ದಿನ ಆದ್ರೂ ಹೋಗ್ಲಿಲ್ಲ ಅಂದ್ರೆ ಕ್ಯಾಮೆರಾ ಇಳಿಸಿ, ಹಿಂದಿನ ಮುಚ್ಚಳ ಬಿಚ್ಚಿ, ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬೀಲಿ ಸಿಲಿಕಾ ಜೆಲ್ ಜೊತೆ ಎರಡು ದಿನ ಇಡಿ. ಹೇರ್ ಡ್ರೈಯರ್ ಬಿಸಿ, ಒಲೆ ಬಿಸಿ ಬೇಡ, ಸೀಲು ಹಾಳಾಗುತ್ತೆ. ಜೆಲ್ಲು ಕಿತ್ತಳೆ ಬಣ್ಣದ್ದು ತಗೊಳ್ಳಿ, ತೇವ ಕುಡಿದ್ರೆ ಹಸಿರಾಗುತ್ತೆ, ನೀಲಿಯದರಲ್ಲಿ ಕೋಬಾಲ್ಟ್ ಇರುತ್ತೆ, ಮಕ್ಕಳಿರೋ ಮನೇಲಿ ಬೇಡ. ವಾಪಸ್ ಮುಚ್ಚೋವಾಗ ರಬ್ಬರ್ ರಿಂಗಿನ ಮೇಲೆ ಒಂದು ಕೂದಲೂ ಇರಬಾರದು, ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ, ಸ್ಕ್ರೂಗಳನ್ನ ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಡಿವಿಆರ್ ಎಲ್ಲಿಟ್ಟಿದ್ದೀರಿ ಅನ್ನೋದೂ ನೋಡಿ. 2019ರ ಆಗಸ್ಟಲ್ಲಿ ಕಾಳಿ, ಗಂಗಾವಳಿ ಉಕ್ಕಿದಾಗ ನೀರು ಮನೆ ಒಳಗೇ ಬಂದಿತ್ತು, ಹೊಳೆ ದಂಡೇಲಿರೋರು ಅದನ್ನ ಟಿವಿ ಸ್ಟ್ಯಾಂಡ್ ಕೆಳಗೆ ಇಡಬೇಡಿ, ಅಟ್ಟಕ್ಕೋ ಎತ್ತರದ ಶೆಲ್ಫಿಗೋ ಹೋಗ್ಲಿ, ಗೋಡೆಗೆ ತಾಗದ ಹಾಗೆ, ಮಳೆಗಾಲದಲ್ಲಿ ಗೋಡೆಯೇ ಬೆವರುತ್ತೆ.

ಎಲ್ಲ ಆದ ಮೇಲೆ ಒಂದು ಪರೀಕ್ಷೆ. ಒಬ್ರು ಪೈಪ್ ಹಿಡಿದು ಪಡುಗಡೆಯಿಂದ ಎರಚಲು ಬಂದ ಹಾಗೆ ಹತ್ತು ನಿಮಿಷ ನೀರು ಹಾರಿಸ್ಲಿ, ಇನ್ನೊಬ್ರು ಒಳಗೆ ಮೊಬೈಲಲ್ಲಿ ಚಿತ್ರ ನೋಡ್ತಾ ಇರಿ. ಗೆರೆ ಬಂದ್ರೆ, ಚಿತ್ರ ನಡುಗಿದ್ರೆ ಜಾಯಿಂಟು ಸರಿಯಾಗಿಲ್ಲ ಅಂತ ಅರ್ಥ. ಮರುದಿನ ಪವರ್ ಪ್ಲಗ್ ಕಿತ್ತು ಬಾಕ್ಸ್ ಬಿಚ್ಚಿ ಒಂದು ತುಂಡು ಪೇಪರ್ ಒಳಗೆ ಒತ್ತಿ ನೋಡಿ, ಒದ್ದೆ ಆಗದಿದ್ರೆ ಮಳೆಗೆ ರೆಡಿ. ಮಳೆ ಪೂರ್ತಿ ಬಿಟ್ಟ ಮೇಲೆ, ದೀಪಾವಳಿಗೆ ಮನೆ ಗುಡಿಸಿ ಸಾರಿಸೋ ಹೊತ್ತಿಗೆ, ಒಂದೇ ಒಂದು ಬಾಕ್ಸ್ ಬಿಚ್ಚಿ, ಪಡುಗಡೆಯದ್ದೇ, ಅದೇ ಎಲ್ಲಕ್ಕಿಂತ ಜಾಸ್ತಿ ಏಟು ತಿಂದಿರುತ್ತೆ. ಟೇಪಿನ ಕೆಳಗೆ ಹಸಿರು ಕಾಣಲಿಲ್ಲ ಅಂದ್ರೆ ಹೊಸ ಟೇಪು ಸುತ್ತಿ ಮುಚ್ಚಿ, ಉಳಿದ ಮೂರನ್ನ ಏಪ್ರಿಲ್ ತನಕ ಮುಟ್ಟೋದು ಬೇಡ.